ಹಾಫ್‌ಕಿನ್ ಮಹಾಶಯರೂ ನಮ್ಮ ಪುರಸಭೆಗಳೂ

ಯುದ್ಧದಲ್ಲಿ ಗೆದ್ದವರಿಗೆ ಊರ ಚೌಕದಲ್ಲಿ ಪ್ರತಿಮೆ ನಿಲ್ಲುತ್ತದೆ. ಬರಬಹುದಾಗಿದ್ದ ಮರಣವನ್ನು ಬಾರದಂತೆ ತಡೆದವರಿಗೆ ಅಂತಹ ಗೌರವ ದೊರೆಯುವುದು ಅಪೂರ್ವ. ಯಾತಕ್ಕೆಂದರೆ, ಸತ್ತವರನ್ನು ಎಣಿಸಿ ಅಳಬಹುದು. ಉಳಿದವರಾದರೋ ತಾವು ಯಾರಿಂದ ಉಳಿದೆವೆಂಬುದನ್ನೇ ಅರಿಯದೆ ತಮ್ಮ ತಮ್ಮ ಕೆಲಸಕಾರ್ಯಗಳಿಗೆ ಹೊರಟುಹೋಗುತ್ತಾರೆ. ಊರಿನ ಆರೋಗ್ಯವನ್ನು ಕಾಯುವ ಅಧಿಕಾರಿಗಳ ಪಾಡು ಇದೇ. ಅವರು ಕೆಲಸವನ್ನು ಚೆನ್ನಾಗಿ ಮಾಡಿದರೆ ಏನೂ ಆಗುವುದಿಲ್ಲ. ಏನೂ ಆಗದಿದ್ದಾಗ ಇವರಿಗೆ ಸಂಬಳ ಯಾತಕ್ಕೆಂದು ಪುರಸಭೆಯಲ್ಲಿ ಪ್ರಶ್ನೆ ಏಳುತ್ತದೆ.

ಈ ಕಾರಣದಿಂದ ನಾವು ಈ ದಿನ ನಮ್ಮ ವಾಚಕರ ಮುಂದೆ ವಾಲ್ಡೆಮಾರ್ ಹಾಫ್‌ಕಿನ್ ಎಂಬ ಮಹನೀಯರ ಚರಿತ್ರೆಯನ್ನು ಇಡಬಯಸುತ್ತೇವೆ. ಅವರು ನಮ್ಮ ದೇಶದವರಲ್ಲ, ನಮ್ಮನ್ನು ಆಗ ಆಳುತ್ತಿದ್ದ ಜನರ ಕುಲಕ್ಕೂ ಸೇರಿದವರಲ್ಲ. ಆದರೂ ತಮ್ಮ ಆಯುಷ್ಯದ ಅತ್ಯುತ್ತಮ ಭಾಗವನ್ನು ಈ ನೆಲದ ಬಡವರ ಗುಡಿಸಲುಗಳಲ್ಲಿ ಕಳೆದರು. ಕಾಲರಾ, ಪ್ಲೇಗು ಎಂಬ ಎರಡು ಮಾರಿಗಳಿಗೆ ಮದ್ದನ್ನು ಮಾಡಿಕೊಟ್ಟರು. ಪ್ರತಿಫಲವಾಗಿ ಅಪವಾದವನ್ನು ಪಡೆದರು. ಅವರ ಜೀವನದಲ್ಲಿ ಪ್ರಯೋಗಶಾಲೆಯ ವಿದ್ಯೆಗೂ ಊರಿನ ಆರೋಗ್ಯ ಇಲಾಖೆಗೂ ಇರುವ ಸಂಬಂಧವು ಕನ್ನಡಿಯಲ್ಲಿ ಕಂಡಂತೆ ಕಾಣುತ್ತದೆ.

ಹಾಫ್‌ಕಿನ್ನರು 1860ನೆಯ ಇಸವಿ ಮಾರ್ಚಿ 15ರಲ್ಲಿ, ಆಗ ರಷ್ಯಾ ಚಕ್ರಾಧಿಪತ್ಯಕ್ಕೆ ಸೇರಿದ್ದ, ಈಗ ಯುಕ್ರೇನಿನಲ್ಲಿರುವ, ಒಡೆಸ್ಸಾ ಎಂಬ ಬಂದರು ಪಟ್ಟಣದಲ್ಲಿ ಯಹೂದ್ಯ ಮನೆತನವೊಂದರಲ್ಲಿ ಜನಿಸಿದರು. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಮೆಚ್ನಿಕಾಫ್ ಎಂಬ ಪ್ರಾಣಿಶಾಸ್ತ್ರಜ್ಞರ ಶಿಷ್ಯರಾಗಿ ಓದಿದರು. ಈ ಗುರುಗಳೇ ಮುಂದೆ 1908ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ವಿಖ್ಯಾತ ಪುರುಷರು. ಶಿಷ್ಯರಾದರೋ ಪುಸ್ತಕದ ಹುಳುವಾಗಿರಲಿಲ್ಲ. ಜಾರ್ ದೊರೆಯ ನಿರಂಕುಶ ಪ್ರಭುತ್ವವನ್ನು ವಿರೋಧಿಸುತ್ತಿದ್ದ ತರುಣರೊಡನೆ ಸೇರಿ ಪೊಲೀಸಿನವರ ಕೋಪಕ್ಕೆ ಗುರಿಯಾದರು. 1881ರಲ್ಲಿ ಯಹೂದ್ಯರ ಮೇಲೆ ದೊಂಬಿಗಳು ನಡೆದಾಗ ತಮ್ಮವರ ಮನೆಮಾರುಗಳನ್ನು ಕಾಯಲು ನಿಂತ ರಕ್ಷಣಾದಳದಲ್ಲಿದ್ದು ಸೆರೆ ಸಿಕ್ಕಿದರು. ಗುರುಗಳು ನಡುವೆ ಬಂದುದರಿಂದ ಬಿಡುಗಡೆ ಹೊಂದಿದರು. ಓದು ಮುಗಿದ ಮೇಲೆ, ಮತವನ್ನು ಬಿಟ್ಟು ರಾಜಮತಕ್ಕೆ ಸೇರಿದರೆ ಅಧ್ಯಾಪಕ ಪದವಿ ದೊರೆಯುವುದೆಂಬ ಸೂಚನೆ ಬಂದಿತು. ಅವರು ಒಪ್ಪಲಿಲ್ಲ. ಪದವಿಯನ್ನು ಬಿಟ್ಟು ಊರಿನ ವಸ್ತುಸಂಗ್ರಹಾಲಯದಲ್ಲಿ ಸಣ್ಣದೊಂದು ಕೆಲಸವನ್ನು ಮಾಡಿಕೊಂಡಿದ್ದರು.

1888ರಲ್ಲಿ ಸ್ವದೇಶವನ್ನು ಬಿಟ್ಟು ಜಿನೀವಾಕ್ಕೂ, ಮರುವರ್ಷ ಪ್ಯಾರಿಸಿಗೂ ಬಂದರು. ಅಲ್ಲಿ ಪಾಶ್ಚರ್ ಮಹಾಶಯರ ಹೆಸರಿನ ಸಂಸ್ಥೆಯಲ್ಲಿ ಅವರಿಗೆ ಸಿಕ್ಕಿದ್ದು ಪುಸ್ತಕಭಂಡಾರದ ಕೆಲಸ. ಹಗಲು ಪುಸ್ತಕಗಳ ಲೆಕ್ಕ, ಬಿಡುವಾದಾಗ ಸೂಕ್ಷ್ಮಜಂತುಗಳ ಪರೀಕ್ಷೆ. ಕಾಲರಾ ಜಂತುವನ್ನು ಜರ್ಮನಿಯ ಕಾಖ್ ಪಂಡಿತರು 1884ರಲ್ಲಿ ನಮ್ಮ ಕಲಕತ್ತೆಗೇ ಬಂದು ಅಲ್ಲಿಯ ಕೆರೆಯ ನೀರಿನಲ್ಲಿಯೂ ಕಂಡುಹಿಡಿದಿದ್ದರಷ್ಟೆ. ಹಾಫ್‌ಕಿನ್ನರು ಆ ಜಂತುವನ್ನು ಎರಡು ಬಗೆಯಾಗಿ ಪಳಗಿಸಿದರು. ಗಾಳಿಯಾಡುವ ಬೆಚ್ಚನೆಯ ಸ್ಥಳದಲ್ಲಿ ಬೆಳೆಸಿ ದುರ್ಬಲಗೊಳಿಸಿದ್ದು ಒಂದು. ಪ್ರಾಣಿಯಿಂದ ಪ್ರಾಣಿಗೆ ದಾಟಿಸಿ ಬಲಗೊಳಿಸಿದ್ದು ಇನ್ನೊಂದು. ಮೊದಲು ದುರ್ಬಲವಾದುದನ್ನು ಚುಚ್ಚಿ, ಕೆಲವು ದಿನಗಳಾದ ಮೇಲೆ ಪ್ರಬಲವಾದುದನ್ನು ಚುಚ್ಚಿದರೆ ದೇಹವು ರೋಗವನ್ನು ತಡೆಯುವ ಶಕ್ತಿಯನ್ನು ಪಡೆಯುವುದೆಂದು ಪ್ರಾಣಿಗಳಲ್ಲಿ ತೋರಿಸಿದರು. ಮನುಷ್ಯರ ಮಾತೇನು? 1892ನೆಯ ಜುಲೈ 18ರಂದು ಆ ಮದ್ದನ್ನು ತಮ್ಮ ಮೈಗೇ ಚುಚ್ಚಿಕೊಂಡರು. ಜ್ವರ ಬಂದಿತು, ಬಿಟ್ಟಿತು. ಆ ಬಳಿಕವಷ್ಟೆ ಅದನ್ನು ಇತರರಿಗೆ ಕೊಡಲು ತೊಡಗಿದರು.

ಕಾಲರಾ ಎಂಬುದು ಎಲ್ಲಿ ವರ್ಷವರ್ಷವೂ ಮನೆಮಾಡಿಕೊಂಡಿರುವುದೋ ಅಲ್ಲಿ ಪರೀಕ್ಷೆಯಾಗದೆ ಈ ಮದ್ದಿನ ಬೆಲೆ ತಿಳಿಯುವಂತಿರಲಿಲ್ಲ. ಹಿಂದೆ ನಮ್ಮಲ್ಲಿ ವೈಸರಾಯರಾಗಿದ್ದ ಡಫರಿನ್ ಪ್ರಭುಗಳು ಆಗ ಪ್ಯಾರಿಸಿನಲ್ಲಿ ರಾಯಭಾರಿಯಾಗಿದ್ದರು. ಅವರ ಪ್ರೇರಣೆಯಿಂದ ಹಾಫ್‌ಕಿನ್ನರು 1893ರಲ್ಲಿ ಹಿಂದೂಸ್ಥಾನಕ್ಕೆ ಬಂದರು. ಮೊದಲ ವರ್ಷ ಉತ್ತರ ಹಿಂದೂಸ್ಥಾನದ ದಂಡುಪ್ರದೇಶಗಳಲ್ಲಿ ಅಲೆದು ಸಾವಿರಾರು ಜನರಿಗೆ ಚುಚ್ಚಿದರು. ಆದರೆ ಒಂದು ಕೊರತೆ ಉಳಿಯಿತು. ಚುಚ್ಚಿಸಿಕೊಂಡವರು ಚದರಿಹೋಗುತ್ತಿದ್ದರು, ಅವರಲ್ಲಿ ಎಷ್ಟು ಮಂದಿಗೆ ರೋಗ ಬಂದಿತು, ಚುಚ್ಚಿಸಿಕೊಳ್ಳದ ಅವರ ನೆರೆಯವರಲ್ಲಿ ಎಷ್ಟು ಮಂದಿಗೆ ಬಂದಿತು ಎಂಬ ಲೆಕ್ಕವನ್ನು ಇಡುವವರಾರು? ಮದ್ದು ಇದ್ದರೂ ಅದರ ಗುಣವನ್ನು ಸಾಧಿಸುವ ಲೆಕ್ಕವಿರಲಿಲ್ಲ.

ಆ ಲೆಕ್ಕವನ್ನು ಒದಗಿಸಿದ್ದು ಒಂದು ಮುನಿಸಿಪಾಲಿಟಿ. ಕಲಕತ್ತೆಯ ಆರೋಗ್ಯಾಧಿಕಾರಿಗಳಾಗಿದ್ದ ಡಾಕ್ಟರ್ ಸಿಂಪ್ಸನ್ ಎಂಬವರು ತಮ್ಮ ಪಟ್ಟಣದ ಮರಣಗಳ ದಾಖಲೆಯನ್ನು ಬಲ್ಲವರು. ಯಾವ ಬಸ್ತಿಯಲ್ಲಿ, ಯಾವ ಕೆರೆಯ ಸುತ್ತ, ಯಾವ ತಿಂಗಳಿನಲ್ಲಿ ಕಾಲರಾ ತಲೆದೋರುವುದೆಂಬುದು ಅವರ ಇಲಾಖೆಗೆ ತಿಳಿದಿತ್ತು. 1894ನೆಯ ಮಾರ್ಚಿಯಲ್ಲಿ ಅವರು ಹಾಫ್‌ಕಿನ್ನರನ್ನು ಕರೆಯಿಸಿಕೊಂಡರು. ಆ ತಿಂಗಳ ಕೊನೆಯಲ್ಲಿ ಕಟ್ಟಲ್ ಬಗಾನ್ ಎಂಬ ಬಸ್ತಿಯಲ್ಲಿ ರೋಗವು ಹುಟ್ಟಿ ಮರಣಗಳಾದವು. ಅಲ್ಲಿ ವಾಸವಾಗಿದ್ದವರು ಸುಮಾರು 200 ಜನ. ಹಾಫ್‌ಕಿನ್ನರೂ ಅವರ ಜತೆಗಿದ್ದ ಬಂಗಾಳಿ ವೈದ್ಯರೂ ಅಲ್ಲಿಗೆ ಹೋಗಿ ಜನರಿಗೆ ತಿಳಿಯಹೇಳಿದರು. 116 ಜನ ಒಪ್ಪಿ ಚುಚ್ಚಿಸಿಕೊಂಡರು, ಉಳಿದವರು ಒಲ್ಲೆವೆಂದರು. ಒಂದೇ ಬಸ್ತಿ, ಒಂದೇ ನೀರು, ಒಂದೇ ಗಾಳಿ. ಆ ಬಳಿಕ ಅಲ್ಲಿ ಮತ್ತೆ ರೋಗ ಕಾಣಿಸಿಕೊಂಡಾಗ ಅದಕ್ಕೆ ತುತ್ತಾದವರೆಲ್ಲರೂ ಚುಚ್ಚಿಸಿಕೊಳ್ಳದ ಗುಂಪಿನವರೇ ಎಂದು ಕಂಡುಬಂದಿತು. ಈ ಫಲವನ್ನು ನೋಡಿ ಪುರಸಭೆಯು ಕೆಲಸವನ್ನು ಮುಂದುವರಿಸಲು ಹಣವನ್ನು ಮಂಜೂರು ಮಾಡಿತು.

ಈ ಸಂಗತಿಯನ್ನು ನಾವು ವಿಸ್ತಾರವಾಗಿ ಹೇಳಿದುದಕ್ಕೆ ಕಾರಣವುಂಟು. ಪ್ಯಾರಿಸಿನಲ್ಲಿ ಮಾಡಿದ ಮದ್ದು ಕಲಕತ್ತೆಯ ಬಸ್ತಿಯಲ್ಲಿ ಸಿದ್ಧಿಗೆ ಬಂದದ್ದು ಮೂರು ಸಾಮಾನ್ಯ ವಿಷಯಗಳಿಂದ: ರೋಗ ಹುಟ್ಟಿದ ದಿನವೇ ಸುದ್ದಿ ತಿಳಿದದ್ದು, ಮನೆಮನೆಗೆ ಹೋಗಿ ಜನರ ಒಪ್ಪಿಗೆಯನ್ನು ಪಡೆದದ್ದು, ಆ ಬಳಿಕ ಯಾರಿಗೆ ಏನಾಯಿತೆಂದು ತಿಂಗಳುಗಟ್ಟಲೆ ಬರೆದಿಟ್ಟದ್ದು. ಇವು ಮೂರೂ ಊರಿನ ಆರೋಗ್ಯ ಇಲಾಖೆಯ ನಿತ್ಯಕರ್ಮಗಳು. ಇವುಗಳಲ್ಲಿ ಒಂದು ತಪ್ಪಿದ್ದರೂ ಹಾಫ್‌ಕಿನ್ನರ ವಿದ್ಯೆಯು ಸೀಸೆಯಲ್ಲಿಯೇ ಉಳಿಯುತ್ತಿತ್ತು. 1895ರ ವೇಳೆಗೆ ಅವರು ಈ ದೇಶದಲ್ಲಿ ಸುಮಾರು 42,000 ಜನರಿಗೆ ಮದ್ದನ್ನು ಚುಚ್ಚಿದ್ದರು. ಅಸ್ಸಾಮಿನ ಚಹಾ ತೋಟಗಳ ಕೂಲಿಗಳೂ ಇದರಲ್ಲಿ ಸೇರಿದ್ದರು. ಮದ್ದಿನ ಶಕ್ತಿ ಶಾಶ್ವತವಲ್ಲವೆಂಬುದೂ ಆ ಲೆಕ್ಕಗಳಿಂದಲೇ ಗೊತ್ತಾಯಿತು. ಕಾಲರಾ ನಿರ್ಮೂಲಕ್ಕೆ ಶುದ್ಧವಾದ ನೀರೇ ಮೂಲವೆಂಬ ಮಾತನ್ನು ಯಾವ ಚುಚ್ಚುಮದ್ದೂ ಅಳಿಸಲಾರದು.

ಇಷ್ಟರಲ್ಲಿ ಇನ್ನೊಂದು ಮಾರಿಯು ಸಮುದ್ರಮಾರ್ಗವಾಗಿ ಬಂದಿತು. 1896ನೆಯ ಸೆಪ್ಟೆಂಬರಿನಲ್ಲಿ ಬೊಂಬಾಯಿಯ ಮಾಂಡವಿ ಭಾಗದಲ್ಲಿ, ಬಂದರಿನ ಬಳಿಯ ದವಸದ ಮಳಿಗೆಗಳ ನಡುವೆ, ಜ್ವರ ಬಂದು ಗಡ್ಡೆಗಳೆದ್ದು ಜನರು ಸಾಯತೊಡಗಿದರು. ಗೋವೆಯ ಮೂಲದವರೂ ಪುರಸಭೆಯ ಸದಸ್ಯರೂ ಆದ ಡಾಕ್ಟರ್ ವಿಯೇಗಾಸ್ ಎಂಬವರು ಇದು ಪ್ಲೇಗೆಂದು ಗುರುತಿಸಿ ಎಚ್ಚರಿಸಿದರು. ಬೊಂಬಾಯಿ ವ್ಯಾಪಾರದ ಬಂದರು. ಪ್ಲೇಗೆಂದು ಸಾರಿದರೆ ಹಡಗುಗಳು ನಿಲ್ಲುವುವು, ವ್ಯಾಪಾರ ಕೆಡುವುದು. ಆದುದರಿಂದ ಈ ಮಾತನ್ನು ಒಪ್ಪಿಕೊಳ್ಳಲು ಹಿಂದುಮುಂದು ನೋಡಿದವರು ಹಲವರು. ಒಪ್ಪಿದ ಮೇಲಾದರೋ ಅತಿಯಾಯಿತು. ಚರಂಡಿಗಳಲ್ಲಿ ಸಮುದ್ರದ ನೀರನ್ನೂ ಕಾರ್ಬಾಲಿಕ್ ಆಮ್ಲವನ್ನೂ ಹೊಳೆಯಾಗಿ ಹರಿಸಿದರು. ಮನೆಗಳ ಮಾಡನ್ನು ಕಿತ್ತರು, ಹಾಸಿಗೆ ಬಟ್ಟೆಗಳನ್ನು ಸುಟ್ಟರು. ಪ್ಲೇಗಿಗೆ ಇಲಿಯೂ ಇಲಿಯ ಮೈಮೇಲಿನ ಚಿಗಟವೂ ವಾಹನಗಳೆಂಬುದು ಆಗ ಯಾರಿಗೂ ನಿಶ್ಚಯವಿರಲಿಲ್ಲ. ಫ್ರೆಂಚ್ ವೈದ್ಯರಾದ ಸಿಮೊಂಡರು ಅದನ್ನು ಕರಾಚಿಯಲ್ಲಿ ತೋರಿಸಿಕೊಟ್ಟದ್ದು 1898ರಲ್ಲಿ. ಅದು ಸರ್ವಸಮ್ಮತವಾಗಲು ಇನ್ನೂ ಹಲವು ವರ್ಷಗಳು ಹಿಡಿದುವು. ಚರಂಡಿಗೆ ನೀರು ನುಗ್ಗಿದಾಗ ಇಲಿಗಳು ಮನೆಗಳೊಳಗೆ ಹೊಕ್ಕು ರೋಗವನ್ನು ಹೆಚ್ಚಿಸಿರಬೇಕೆಂದು ಮುಂದಿನವರು ಊಹಿಸಿದ್ದಾರೆ.

ಸರಕಾರದ ಕರೆಯ ಮೇರೆಗೆ ಹಾಫ್‌ಕಿನ್ನರು 1896ನೆಯ ಅಕ್ಟೋಬರ್ ಮೊದಲ ವಾರದಲ್ಲಿ ಬೊಂಬಾಯಿಗೆ ಬಂದರು. ಗ್ರಾಂಟ್ ವೈದ್ಯಕೀಯ ಕಾಲೇಜಿನ ಒಂದು ಕೊಠಡಿ, ಒಂದು ಮೊಗಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು: ಇದು ಅವರಿಗೆ ದೊರೆತ ಪ್ರಯೋಗಶಾಲೆ. ಅಲ್ಲಿ ಹಗಲಿರುಳು ದುಡಿದರು. ಮಾಂಸದ ಸಾರಿನ ಮೇಲೆ ನಮ್ಮ ಅಡುಗೆಮನೆಯ ತುಪ್ಪದ ಹನಿಗಳನ್ನು ತೇಲಿಸಿದರೆ, ಅವುಗಳ ಅಡಿಯಿಂದ ಪ್ಲೇಗಿನ ಜಂತುಗಳು ಗುಹೆಯ ಮಾಳಿಗೆಯ ಸುಣ್ಣದ ಎಳೆಗಳಂತೆ ಇಳಿದು ಬೆಳೆಯುವುದನ್ನು ಕಂಡರು. ಅವನ್ನು ವಾರಗಟ್ಟಲೆ ಬೆಳೆಸಿ, ಕಾಯಿಸಿ ಕೊಂದು, ಕೆಡದಿರಲು ಕಾರ್ಬಾಲಿಕ್ ಆಮ್ಲವನ್ನು ಬೆರೆಸಿ ಮದ್ದನ್ನು ಸಿದ್ಧಪಡಿಸಿದರು. ಬಂದ ಮೂರು ತಿಂಗಳಿಗೆ, 1897ನೆಯ ಜನವರಿ 10ರಂದು, ಎಂದಿನಂತೆ ಮೊದಲ ಪ್ರಯೋಗ ತಮ್ಮ ಮೈಮೇಲೆ. ಇತರರಿಗೆ ಕೊಡಬೇಕೆಂದಿದ್ದುದಕ್ಕಿಂತಲೂ ಹೆಚ್ಚಾದ ಪ್ರಮಾಣದಲ್ಲಿ.

ಅದೇ ತಿಂಗಳ ಕೊನೆಯಲ್ಲಿ ಭಾಯಖಳೆಯ ಸೆರೆಮನೆಯಲ್ಲಿ ಪ್ಲೇಗು ಹೊಕ್ಕಿತು. ಕೈದಿಗಳಲ್ಲಿ ಸುಮಾರು ಅರ್ಧದಷ್ಟು ಜನ ಮುಂದೆ ಬಂದು ಚುಚ್ಚಿಸಿಕೊಂಡರು. ಆ ಮುಂದಿನ ದಿನಗಳಲ್ಲಿ ಚುಚ್ಚಿಸಿಕೊಳ್ಳದವರಲ್ಲಿ 12 ಜನರಿಗೆ ರೋಗ ತಗುಲಿ 6 ಜನ ಸತ್ತರು; ಚುಚ್ಚಿಸಿಕೊಂಡವರಲ್ಲಿ ಇಬ್ಬರಿಗೆ ತಗುಲಿದರೂ ಒಬ್ಬರೂ ಸಾಯಲಿಲ್ಲ. ಈ ಸುದ್ದಿ ಊರಲ್ಲಿ ಹರಡಿತು. ಖೋಜಾ ಸಮಾಜದ ಗುರುಗಳಾದ ಆಗಾ ಖಾನರು ತಮ್ಮ ಜನರ ಕಣ್ಣೆದುರಿಗೇ ತಾವು ಚುಚ್ಚಿಸಿಕೊಂಡರು, ಮದ್ದಿನ ತಯಾರಿಕೆಗೆ ತಮ್ಮ ಬಂಗಲೆಯೊಂದನ್ನು ಬಿಟ್ಟುಕೊಟ್ಟರು; ಆ ಸಮಾಜದ ಸಾವಿರಾರು ಜನ ಅವರನ್ನು ಅನುಸರಿಸಿದರು. ಸರಕಾರದ ನೂರು ಜಾಹೀರಾತುಗಳಿಂದ ಆಗದ್ದು, ಜನರು ನಂಬಿದ ಒಬ್ಬರು ತೋಳನ್ನು ಚಾಚಿದ ಮಾತ್ರಕ್ಕೆ ಆಯಿತು.

ಇದೇ ಕಾಲದಲ್ಲಿ ಪುಣೆಯಲ್ಲಿ ನಡೆದುದನ್ನು ವಾಚಕರು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. 1897ನೆಯ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಹುಟ್ಟಿತು. ರೋಗವನ್ನು ತಡೆಯಲು ಏನು ಬೇಕಾದರೂ ಮಾಡುವ ಅಧಿಕಾರ ಸರಕಾರದ ಕೈಗೆ ಬಂದಿತು. ಪುಣೆಯಲ್ಲಿ ರ‍್ಯಾಂಡ್ ಎಂಬ ಅಧಿಕಾರಿಯ ಪ್ಲೇಗು ಸಮಿತಿಯು ಗೋರಾ ಸಿಪಾಯಿಗಳನ್ನು ಮನೆಮನೆಗೆ ನುಗ್ಗಿಸಿತು. ಅಡುಗೆಮನೆ, ದೇವರ ಮನೆ ಎಂಬ ವಿವೇಚನೆಯಿಲ್ಲ. ಹೆಂಗಸರ ಮಾನಮರ್ಯಾದೆಯ ಎಣಿಕೆಯಿಲ್ಲ. ರೋಗಿಯೆಂಬ ಸಂಶಯ ಬಂದರೆ ಎಳೆದು ಸಾಗಿಸುವುದೇ ಸರಿ. ಫಲವೇನಾಯಿತು? ಜನರು ರೋಗವನ್ನು ಮುಚ್ಚಿಟ್ಟರು. ಜ್ವರ ಬಂದವರನ್ನು ಅಟ್ಟದ ಮೇಲೆ ಅಡಗಿಸಿದರು. ಜೂನ್ 22ರ ರಾತ್ರಿ ಚಾಪೇಕರ ಸಹೋದರರ ಗುಂಡಿಗೆ ರ‍್ಯಾಂಡ್ ಗುರಿಯಾದನು. ಲೋಕಮಾನ್ಯರ ಮೇಲೆ ರಾಜದ್ರೋಹದ ಮೊಕದ್ದಮೆ ನಡೆದು ಹದಿನೆಂಟು ತಿಂಗಳ ಶಿಕ್ಷೆ ವಿಧಿಸಲ್ಪಟ್ಟಿತು. ಆದರೆ ಲೋಕಮಾನ್ಯರು ಟೀಕೆಯೊಂದನ್ನೇ ಮಾಡಿದವರಲ್ಲ. ಪುಣೆಯನ್ನು ಬಿಟ್ಟು ಓಡದೆ ಅಲ್ಲಿಯೇ ನಿಂತು ಹಿಂದೂ ಪ್ಲೇಗು ಆಸ್ಪತ್ರೆಯನ್ನು ನಡೆಯಿಸಿದರು. ಹೆಣ್ಣುಮಕ್ಕಳ ವಿದ್ಯೆಗೆ ಹಾದಿ ತೆಗೆದ ಸಾವಿತ್ರೀಬಾಯಿ ಫುಲೆಯವರು ಪ್ಲೇಗಿನ ರೋಗಿಗಳ ಸೇವೆ ಮಾಡುತ್ತ ಅದೇ ರೋಗದಿಂದ 1897ನೆಯ ಮಾರ್ಚಿ 10ರಂದು ಪ್ರಾಣಬಿಟ್ಟರು. ಜನರು ರೋಗನಿವಾರಣೆಗೆ ವಿರೋಧಿಗಳಾಗಿರಲಿಲ್ಲ. ತಮ್ಮನ್ನು ಮನುಷ್ಯರೆಂದು ಎಣಿಸದ ಕ್ರಮಕ್ಕೆ ವಿರೋಧಿಗಳಾಗಿದ್ದರು.

ಪ್ಲೇಗು ರೈಲುಮಾರ್ಗವನ್ನು ಹಿಡಿದು ನಮ್ಮ ಕನ್ನಡ ನಾಡಿಗೂ ಬಂದಿತು. 1898ರಲ್ಲಿ ಹುಬ್ಬಳ್ಳಿ, ಧಾರವಾಡ, ಗದಗುಗಳು ತತ್ತರಿಸಿದುವು. ಆ ವರ್ಷದ ಮಳೆಗಾಲದಲ್ಲಿ ಹುಬ್ಬಳ್ಳಿಯ ಬಹುಭಾಗ ಜನರು ಹಾಫ್‌ಕಿನ್ನರ ಮದ್ದನ್ನು ಚುಚ್ಚಿಸಿಕೊಂಡರು. ಒಂದು ಊರಿಗೆ ಊರೇ ಈ ಮದ್ದನ್ನು ತೆಗೆದುಕೊಂಡಾಗ ಏನಾಗುವುದೆಂಬುದಕ್ಕೆ ಹುಬ್ಬಳ್ಳಿಯ ಲೆಕ್ಕವನ್ನು ಪ್ಲೇಗು ವಿಚಾರಣೆಯ ಆಯೋಗವೂ ಪರಿಶೀಲಿಸಿತು. ಅದೇ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿಯೂ ರೋಗವು ಕಾಣಿಸಿತು. ಮೈಸೂರು ಸರಕಾರವು ವಿ. ಪಿ. ಮಾಧವರಾಯರನ್ನು ಪ್ಲೇಗು ಕಮಿಷನರರಾಗಿ ನೇಮಿಸಿತು. 1891ರಲ್ಲಿ ನಗರವೂ ದಂಡೂ ಸೇರಿ ಸುಮಾರು 1,80,000 ಇದ್ದ ಬೆಂಗಳೂರಿನ ಜನಸಂಖ್ಯೆ 1901ರ ಖಾನೇಷುಮಾರಿಯಲ್ಲಿ ಸುಮಾರು 1,59,000ಕ್ಕೆ ಇಳಿದಿತ್ತು. ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ಬೀದಿಗಳೂ ಬಿಡಿಬಿಡಿಯಾದ ಮನೆಗಳೂ ಆ ಭಯದ ಕಾಲದಲ್ಲಿ ಬೆಳೆದವು. ಹಳ್ಳಿಯವರಾದರೋ ಯಾವ ಪಂಡಿತರ ಪ್ರಬಂಧವನ್ನೂ ಕಾಯದೆ, ಇಲಿ ಬಿತ್ತೆಂದರೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕುವುದನ್ನು ರೂಢಿಮಾಡಿಕೊಂಡರು. ಈ ರೂಢಿ ವಿಜ್ಞಾನಕ್ಕೆ ಸಮ್ಮತವಾದುದೆಂದು ತರುವಾಯ ಗೊತ್ತಾಯಿತು. ಜನರ ಅನುಭವವನ್ನು ಕೇಳುವ ಕಿವಿಯೂ ಆರೋಗ್ಯ ಇಲಾಖೆಗೆ ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಏತಕ್ಕೆ?

ಹಾಫ್‌ಕಿನ್ನರ ಕೀರ್ತಿ ಆಗ ಶಿಖರಕ್ಕೇರಿತ್ತು. 1899ರಲ್ಲಿ ಬೊಂಬಾಯಿಯ ಪರೇಲಿನಲ್ಲಿದ್ದ ಹಳೆಯ ಗವರ್ನರರ ಬಂಗಲೆಯಲ್ಲಿ ಪ್ಲೇಗು ಸಂಶೋಧನಾಲಯವು ಸ್ಥಾಪಿತವಾಗಿ ಅವರು ಅದರ ಮುಖ್ಯಾಧಿಕಾರಿಗಳಾದರು. ಆದರೆ ಅವರು ವೈದ್ಯ ಪದವೀಧರರಲ್ಲ, ಪ್ರಾಣಿಶಾಸ್ತ್ರಜ್ಞರು. ಇಂಗ್ಲಿಷರಲ್ಲ, ರಷ್ಯಾದ ಯಹೂದ್ಯರು. ಸರಕಾರಿ ವೈದ್ಯರ ಮಂಡಲದಲ್ಲಿ ಅವರನ್ನು ಹೊರಗಿನವರೆಂದು ಕಾಣುವವರಿಗೆ ಕೊರತೆಯಿರಲಿಲ್ಲ. ಅಂತಹವರಿಗೆ ಅವಕಾಶವೂ ಬಂದೊದಗಿತು.

1902ನೆಯ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಐದು ಸೀಸೆಗಳಿಂದ ಮದ್ದು ಚುಚ್ಚಲ್ಪಟ್ಟಿತು. ಅವುಗಳಲ್ಲಿ ಒಂದು ಸೀಸೆಯಿಂದ ಚುಚ್ಚಿಸಿಕೊಂಡ 19 ಜನರಿಗೂ ಧನುರ್ವಾಯು ಹಿಡಿದು, 19 ಜನರೂ ಸತ್ತರು. ಉಳಿದ ನಾಲ್ಕು ಸೀಸೆಗಳವರಿಗೆ ಏನೂ ಆಗಲಿಲ್ಲ. ಇದು ಘೋರವಾದ ದುರಂತ; ಆ ಬಡವರ ಮನೆಗಳ ದುಃಖವನ್ನು ಯಾರೂ ಕಿರಿದುಮಾಡಿ ಹೇಳಲಾಗದು. ಸರಕಾರವು ವಿಚಾರಣೆಯ ಸಮಿತಿಯನ್ನು ನೇಮಿಸಿತು. ಮದ್ದನ್ನು ಬೇಗಬೇಗ ತಯಾರಿಸುವ ಆತುರದಲ್ಲಿ ಹಾಫ್‌ಕಿನ್ನರು ಕಾರ್ಬಾಲಿಕ್ ಆಮ್ಲವನ್ನು ಬಿಟ್ಟುಬಿಟ್ಟರು, ಸೀಸೆಯು ಪರೇಲಿನಲ್ಲಿಯೇ ಕೆಟ್ಟಿತು ಎಂಬುದು ಸಮಿತಿಯ ಅಭಿಪ್ರಾಯವಾಯಿತು. ಅವರು ಕೆಲಸದಿಂದ ತೊಲಗಿಸಲ್ಪಟ್ಟು 1904ರಲ್ಲಿ ಲಂಡನ್ನಿಗೆ ಹಿಂದಿರುಗಿದರು. ಲಕ್ಷಾಂತರ ಜನರಿಗೆ ರಕ್ಷೆಯನ್ನು ಕೊಟ್ಟ ಮನುಷ್ಯನು 19 ಜನರನ್ನು ಕೊಂದವನೆಂಬ ಹೆಸರನ್ನು ಹೊತ್ತನು.

ಸತ್ಯಾಂಶವು ಬೇರೆಯಾಗಿತ್ತು. ಚುಚ್ಚಿದ ದಿನ ಆ ಸೀಸೆಯ ಮುಚ್ಚಳವನ್ನು ತೆಗೆಯುವಾಗ ಸಹಾಯಕನೊಬ್ಬನ ಕೈಯಿಂದ ಚಿಮಟವು ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಯಲ್ಲಿ ಕಾಯಿಸಿ ಶುದ್ಧಮಾಡದೆ, ಕಾರ್ಬಾಲಿಕ್ ನೀರಿನಲ್ಲಿ ಅಲ್ಲಾಡಿಸಿದಷ್ಟಕ್ಕೇ ಮತ್ತೆ ಉಪಯೋಗಿಸಲಾಯಿತು. ಧನುರ್ವಾಯುವಿನ ಜಂತು ಮಣ್ಣಿನಲ್ಲಿ ವಾಸಿಸುವಂತಹದು. ಪರೇಲಿನಲ್ಲಿಯೇ ಸೀಸೆಯು ಕೆಟ್ಟಿದ್ದರೆ ಅಷ್ಟು ದಿನಗಳಲ್ಲಿ ದುರ್ನಾತ ಹುಟ್ಟಬೇಕಾಗಿತ್ತು. ತೆರೆದಾಗ ಅಂತಹ ನಾತವಿರಲಿಲ್ಲ. ಈ ಸಂಗತಿಗಳು ವಿಚಾರಣೆಯ ಕಾಗದಪತ್ರಗಳಲ್ಲಿಯೇ ಇದ್ದರೂ ಅವುಗಳಿಗೆ ತಕ್ಕ ಬೆಲೆ ಕೊಡಲ್ಪಡಲಿಲ್ಲ. ಕಾಗದಗಳು ಪ್ರಕಟವಾದ ಮೇಲೆ, ಮಲೇರಿಯಾದ ಮೂಲವನ್ನು ಕಂಡುಹಿಡಿದ ರೊನಾಲ್ಡ್ ರಾಸ್ ಮೊದಲಾದ ಖ್ಯಾತ ವಿದ್ವಾಂಸರು 1907ನೆಯ ಜುಲೈಯಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯ ಮೂಲಕ ಹಾಫ್‌ಕಿನ್ನರ ಪರವಾಗಿ ವಾದಿಸಿದರು. ರಾಸ್ ಮಹಾಶಯರು 1895ರಲ್ಲಿ ನಮ್ಮ ಬೆಂಗಳೂರಿನಲ್ಲಿ ಕಾಲರಾ ನಿವಾರಣೆಗಾಗಿ ಊರಿನ ನೈರ್ಮಲ್ಯದ ಕೆಲಸವನ್ನು ಮಾಡಿದ್ದವರು. ಬೀದಿಯಲ್ಲಿ ನಿಂತು ಮಾಡುವ ಕೆಲಸದ ಕಷ್ಟವೇನೆಂದು ಬಲ್ಲವರು. ಆ ವರ್ಷವೇ ಸರಕಾರವು ಆರೋಪವನ್ನು ಹಿಂದೆಗೆದುಕೊಂಡಿತು.

ನಿರಪರಾಧಿಯೆಂದು ತಿಳಿದ ಮೇಲೂ ಅವರಿಗೆ ಪರೇಲಿನ ಹಳೆಯ ಸ್ಥಾನ ದೊರೆಯಲಿಲ್ಲ. ಕಲಕತ್ತೆಗೆ ಮರಳಿ ಬಂದರು. ಅಲ್ಲಿ ಪ್ರಯೋಗಶಾಲೆ ಇದ್ದಿತು. ಆದರೆ ಮದ್ದನ್ನು ತಯಾರಿಸಿ ಜನರ ನಡುವೆ ಪರೀಕ್ಷಿಸುವ ಅವಕಾಶವಿರಲಿಲ್ಲ. ನಿವೃತ್ತರಾದ ಮೇಲೆ ಯುರೋಪಿಗೆ ಹಿಂದಿರುಗಿ, ಸಂಸಾರವನ್ನು ಕಟ್ಟಿಕೊಳ್ಳದೆ, ತಮ್ಮ ಮತದ ಧರ್ಮಗ್ರಂಥಗಳ ಅಧ್ಯಯನದಲ್ಲಿಯೂ ಯಹೂದ್ಯ ಪಾಠಶಾಲೆಗಳ ಪೋಷಣೆಯಲ್ಲಿಯೂ ಉಳಿದ ಕಾಲವನ್ನು ಕಳೆದರು. ತಾರುಣ್ಯದಲ್ಲಿ ಪದವಿಗಾಗಿ ಮಾರದಿದ್ದ ಮತವೇ ವೃದ್ಧಾಪ್ಯದಲ್ಲಿ ಅವರಿಗೆ ಆಶ್ರಯವಾಯಿತು. 1925ರಲ್ಲಿ ಪರೇಲಿನ ಸಂಶೋಧನಾಲಯಕ್ಕೆ ಹಾಫ್‌ಕಿನ್ ಸಂಸ್ಥೆಯೆಂದು ಹೆಸರಿಡಲಾಯಿತು. ಆ ವೇಳೆಗೆ ಅಲ್ಲಿಂದ 2 ಕೋಟಿ 60 ಲಕ್ಷದಷ್ಟು ಮದ್ದಿನ ಪ್ರಮಾಣಗಳು ಹೊರಗೆ ಹೋಗಿದ್ದುವು. ಪ್ಲೇಗು ಈ ದೇಶದಲ್ಲಿ ಒಂದು ಕೋಟಿಗೂ ಮಿಕ್ಕಿ ಜನರನ್ನು ಬಲಿ ತೆಗೆದುಕೊಂಡಿತು. ಆ ಮದ್ದಿಲ್ಲದಿದ್ದರೆ ಲೆಕ್ಕವು ಎಲ್ಲಿಗೆ ಮುಟ್ಟುತ್ತಿತ್ತೋ ಹೇಳಲಾಗದು. ಹಾಫ್‌ಕಿನ್ ಮಹಾಶಯರು 1930ನೆಯ ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ಪಟ್ಟಣದಲ್ಲಿ ಕಾಲವಾದರು. ಸ್ವತಂತ್ರ ಭಾರತವು 1964ರಲ್ಲಿ ಅವರ ಚಿತ್ರದ ಅಂಚೆಚೀಟಿಯನ್ನು ಹೊರಡಿಸಿ ಋಣವನ್ನು ಸ್ಮರಿಸಿತು.

ಈ ಚರಿತ್ರೆಯಿಂದ ನಮ್ಮ ಪುರಪಿತೃಗಳೂ ಅಧಿಕಾರಿಗಳೂ ಕಲಿಯತಕ್ಕದ್ದೇನು? ಮೊದಲನೆಯದು, ಜನನಮರಣಗಳ ದಾಖಲೆಯು ಗುಮಾಸ್ತನ ಬೇಸರದ ಕೆಲಸವಲ್ಲ. ಅದು ಊರಿನ ಕಾವಲುಗಾರ. ಒಂದು ಬೀದಿಯಲ್ಲಿ ಒಂದು ವಾರ ಭೇದಿಯ ಸಾವುಗಳು ಎರಡು ಹೆಚ್ಚಾದರೆ ಆ ಬೀದಿಯ ನಲ್ಲಿಯ ಕೊಳವೆ ಚರಂಡಿಯ ಪಕ್ಕದಲ್ಲಿ ಒಡೆದಿರಬಹುದೆಂದು ಅದೇ ದಿನ ಹೋಗಿ ನೋಡುವವರು ಬೇಕು. 1957ರಲ್ಲಿ ಶಿವಮೊಗ್ಗ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿರುವುದನ್ನು ಗಮನಿಸಿದ್ದರಿಂದಲೇ ಹೊಸದೊಂದು ರೋಗವು ಲೋಕಕ್ಕೆ ಗೊತ್ತಾಯಿತು. ಅಂದು ಇಲಿ, ಮುಂದೆ ಮಂಗ. ಸೂಚನೆ ಯಾವಾಗಲೂ ಇರುತ್ತದೆ, ನೋಡುವ ಕಣ್ಣು ಬೇಕು.

ಎರಡನೆಯದು, ರೋಗವೆಂದು ಕಂಡೊಡನೆ ಸತ್ಯವನ್ನು ಹೇಳುವ ಧೈರ್ಯ. ವ್ಯಾಪಾರ ಕೆಡುವುದೆಂದೋ ಮೇಲಿನವರು ಮುನಿಯುವರೆಂದೋ ರೋಗದ ಹೆಸರನ್ನು ಮರೆಮಾಚಿದ ಊರು ಕೊನೆಗೆ ವ್ಯಾಪಾರವನ್ನೂ ಜನರನ್ನೂ ಕಳೆದುಕೊಳ್ಳುತ್ತದೆ. ಮೂರನೆಯದು, ಕೈಕೆಳಗಿನ ಕೆಲಸಗಾರರ ಶಿಕ್ಷಣ. ನೆಲಕ್ಕೆ ಬಿದ್ದ ಒಂದು ಚಿಮಟದಿಂದ 19 ಜೀವಗಳೂ ಒಬ್ಬ ಮಹಾವಿಜ್ಞಾನಿಯ ಹೆಸರೂ ಹೋದುವು. ಸೂಜಿ ಹಿಡಿಯುವ ಕೈಗೂ, ಕಸ ಎತ್ತುವ ಕೈಗೂ, ನೀರಿಗೆ ಮದ್ದು ಹಾಕುವ ಕೈಗೂ ತಕ್ಕ ತರಬೇತನ್ನೂ ತಕ್ಕ ಸಂಬಳವನ್ನೂ ಕೊಡದೆ, ಅನರ್ಥವಾದಾಗ ಮಾತ್ರ ದೂರುವುದು ಅನ್ಯಾಯ.

ನಾಲ್ಕನೆಯದು ಎಲ್ಲಕ್ಕೂ ಮೇಲಾದುದು: ಜನರ ನಂಬಿಕೆ. 1897ರ ಆ ಕಾಯಿದೆಯನ್ನೇ 2020ರಲ್ಲಿ ಕೊರೋನಾ ಬಂದಾಗ ನಮ್ಮ ಸರಕಾರಗಳೂ ಹಿರಿದವು. ಆದರೆ ಆ ದಿನಗಳಲ್ಲಿ ಜನರ ಬಾಗಿಲಿಗೆ ಬಂದು ಜ್ವರವನ್ನು ವಿಚಾರಿಸಿದವರು, ಲಸಿಕೆಗೆ ಒಡಂಬಡಿಸಿದವರು, ಅದೇ ಬೀದಿಯ ಆಶಾ ಕಾರ್ಯಕರ್ತೆಯರೂ ಆರೋಗ್ಯ ಇಲಾಖೆಯ ಸಣ್ಣ ನೌಕರರೂ. ಕಾಯಿದೆಯು ಬಾಗಿಲನ್ನು ಮುಚ್ಚಿಸಬಲ್ಲದು. ಬಾಗಿಲನ್ನು ತೆರೆಯಿಸುವುದು ಪರಿಚಯದ ಮುಖ. ಆ ಪರಿಚಯವನ್ನು ರೋಗ ಬಂದ ದಿನ ಸಂಪಾದಿಸಲಾಗುವುದಿಲ್ಲ. ರೋಗವಿಲ್ಲದ ದಿನಗಳಲ್ಲಿ ಸಂಪಾದಿಸಿರಬೇಕು.

1994ರಲ್ಲಿ ಸೂರತ್ತಿನಲ್ಲಿ ಪ್ಲೇಗಿನ ಕೂಗೆದ್ದು ಲಕ್ಷಾಂತರ ಜನ ಊರು ಬಿಟ್ಟು ಓಡಿದರು. ಮರುವರ್ಷ ಬಂದ ಮುನಿಸಿಪಲ್ ಕಮಿಷನರ್ ಎಸ್. ಆರ್. ರಾವ್ ಅವರ ಕಾಲದಲ್ಲಿ ಅದೇ ಊರು, ಅದೇ ಜನ, ಅದೇ ಪುರಸಭೆಯ ನೌಕರರು ಕೆಲವೇ ವರ್ಷಗಳಲ್ಲಿ ದೇಶದ ಶುಚಿಯಾದ ನಗರಗಳ ಸಾಲಿಗೆ ಸೂರತ್ತನ್ನು ತಂದರು. ಹೊಸ ವಿಜ್ಞಾನವೇನೂ ಅದಕ್ಕೆ ಬೇಕಾಗಲಿಲ್ಲ. ದಿನವೂ ಬೆಳಗ್ಗೆ ಅಧಿಕಾರಿಗಳು ಕಚೇರಿಯನ್ನು ಬಿಟ್ಟು ಬೀದಿಗೆ ಬಂದರು.

ನಮ್ಮ ಊರುಗಳ ಮುಂಗಡಪತ್ರಗಳು ಚರ್ಚೆಗೆ ಬಂದಾಗ ಆರೋಗ್ಯದ ಬಾಬಿನಲ್ಲಿ ಕಡಿತವನ್ನು ಸೂಚಿಸುವ ಸದಸ್ಯರುಂಟು. ಈ ವರ್ಷ ಯಾವ ಜಾಡ್ಯವೂ ಬರಲಿಲ್ಲವಲ್ಲ ಎಂಬುದು ಅವರ ವಾದ. ಬರಲಿಲ್ಲವೆಂಬುದೇ ಆ ಹಣದ ಸಾರ್ಥಕತೆಗೆ ಪ್ರಮಾಣವೆಂದು ಅವರಿಗೆ ತಿಳಿಸುವ ಭಾರವು ನಮ್ಮ ವಾಚಕರಾದ ಪೌರರ ಮೇಲಿದೆ. ದೂರದ ಒಡೆಸ್ಸಾದಿಂದ ಬಂದವರೊಬ್ಬರು ನಮ್ಮ ಬಸ್ತಿಗಳ ಬಡವರಿಗಾಗಿ ತಮ್ಮ ಮೈಯನ್ನೇ ಮೊದಲು ಒಡ್ಡಿದರು. ನಾವು ಒಡ್ಡಬೇಕಾದದ್ದು ಪುರಸಭೆಯ ಕಂದಾಯದ ಒಂದು ಪಾಲು, ವಾರ್ಡಿನ ಸಭೆಯಲ್ಲಿ ಒಂದು ಗಂಟೆಯ ಕಾಲ, ಬಾಗಿಲಿಗೆ ಬಂದ ಆರೋಗ್ಯ ಇಲಾಖೆಯ ನೌಕರರಿಗೆ ಒಂದು ಸೌಜನ್ಯದ ಮಾತು. ಇಷ್ಟನ್ನೂ ಕೊಡಲಾರದವರು ಮುಂದಿನ ಮಾರಿ ಬಂದಾಗ ಯಾರನ್ನೂ ದೂರುವ ಹಕ್ಕನ್ನು ಉಳಿಸಿಕೊಂಡಿರುವುದಿಲ್ಲ.